ಅಪ್ಪ ಕೊಟ್ಟ ಕಲ್ಲು

ಶಹಾಬಾದದಲ್ಲಿ ಹುಟ್ಟಿದವರಿಗೆ ಕಲ್ಲಿನ ಬಗ್ಗೆ ಅನುಮಾನವೇ ಬರುವುದಿಲ್ಲ. ನಡೆಯುವ ನೆಲ ಕಲ್ಲು, ಅಡುಗೆಮನೆಯ ಕಟ್ಟೆ ಕಲ್ಲು, ಬಟ್ಟೆ ಒಗೆಯುವುದು ಕಲ್ಲಿನ ಮೇಲೆ, ಬೇಸಿಗೆಯ ಮಧ್ಯಾಹ್ನ ಚಾಪೆ ಬಿಟ್ಟು ಉರುಳುವುದೂ ಕಲ್ಲಿನ ಮೇಲೆಯೇ. ಮದುವೆಯಾಗಿ ಸೇಡಂಗೆ ಬಂದು, ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಪಿಂಗಾಣಿಯ ಕಪ್ಪು, ಬಟ್ಟಲು ಮಾಡಲು ಶುರುಮಾಡಿದಾಗ, ಮಣ್ಣು ನಾದಲು ನನಗೆ ಕಲ್ಲೇ ಬೇಕೆನಿಸಿತು. ಕೆಲಸ ಕಲಿಸಿದ ಮೇಡಂ ಹಲಗೆಗೆ ದಪ್ಪ ಬಟ್ಟೆ ಬಿಗಿದು ಅದರ ಮೇಲೆ ನಾದಬೇಕೆಂದು ಹೇಳಿದ್ದರು. ಕಲ್ಲಿನ ಊರವಳಿಗೆ ಹಲಗೆಯ ಪಾಠವೇ ಎಂದು ನಾನು ಒಳಗೊಳಗೇ ನಕ್ಕಿದ್ದೆ.

ಕಲ್ಲು ತಂದವನು ಅಪ್ಪ. ಪಾಲಿಶ್ ಕಾರ್ಖಾನೆಯಲ್ಲಿ ಜೀವಮಾನವಿಡೀ ಕಲ್ಲು ಉಜ್ಜಿದವನು. ಕೆಲಸ ಬಿಡುವ ಮೊದಲು ಒಂದು ಹಾಸುಗಲ್ಲನ್ನು ತಾನೇ ಆರಿಸಿ, ತಾನೇ ನುಣುಪು ಮಾಡಿ, ಟಂಟಂ ಗಾಡಿಯಲ್ಲಿ ಜೋಳದ ಚೀಲಗಳ ನಡುವೆ ಮಲಗಿಸಿಕೊಂಡು ಸೇಡಂಗೆ ತಂದ.

"ಮಗಳಿಗಿ ಬಂಗಾರ ಕೊಡೋರು ಭಾಳ ಮಂದಿ ಅದಾರ. ಕಲ್ಲು ಕೊಟ್ಟಾಂವ ನಾ ಒಬ್ಬನೇ" ಎಂದು ಓಣಿಗೆಲ್ಲ ಕೇಳುವಂತೆ ಹೇಳಿದ.

ನನ್ನ ದಿನ ಹೀಗೆ: ಬೆಳಿಗ್ಗೆ ರೊಟ್ಟಿ ಬಡಿದು ಮುಗಿದ ಕೂಡಲೇ ಶೆಡ್ಡು. ಮಣ್ಣು ನಾದುವುದು, ತಿಗರಿಯ ಮೇಲೆ ಕಪ್ಪು ಎತ್ತುವುದು, ನಿನ್ನೆಯ ಕಪ್ಪುಗಳಿಗೆ ಹಿಡಿ ಅಂಟಿಸುವುದು. ಕರೆಂಟು ನೆಟ್ಟಗಿದ್ದ ದಿನ ಭಟ್ಟಿ ಹೊತ್ತಿಸುವುದು, ಇಲ್ಲದ ದಿನ ಕರೆಂಟಿನವರನ್ನು ಬೈಯುವುದು. ಮಣ್ಣು ಸುಟ್ಟಾಗ ಕುಗ್ಗುತ್ತದೆ ಎಂಬುದನ್ನು ಮರೆತು ಮೊದಲ ಸಲ ಮಾಡಿದ ಕಪ್ಪುಗಳನ್ನು ಪಕ್ಕದ ಮನೆಯ ಅಜ್ಜಿ ಕೈಯಲ್ಲಿ ಹಿಡಿದು ನೋಡಿದ್ದಳು. "ಇದರಾಗ ಚಾ ಯಾರಿಗಿ ಕೊಡ್ತಿ, ಗುಬ್ಬಿಗೇನು?" ಎಂದಳು. ಎರಡು ದಿನ ನಾನು ಅವಳೊಡನೆ ಮಾತು ಬಿಟ್ಟಿದ್ದೆ. ನನ್ನ ಸಿಟ್ಟು ಮೂಗಿನ ತುದಿಯ ಮೇಲೇ ಇರುತ್ತದೆ.

ಹೋದ ಶ್ರಾವಣದಲ್ಲಿ ಅಪ್ಪ ಒಂದು ಆಸೆ ಹೇಳಿದ. ಕಾರ್ಖಾನೆಯಲ್ಲಿ ಜೊತೆಗೆ ದುಡಿದ ಹನ್ನೆರಡು ಮಂದಿ ಗೆಳೆಯರಿಗೆ ನನ್ನ ಕೈಯ ಒಂದೊಂದು ಕಪ್ಪು ಕೊಡಬೇಕಂತೆ. "ನಾ ಉಜ್ಜಿದ ಕಲ್ಲಿನ ಮ್ಯಾಲ ನನ್ನ ಮಗಳು ನಾದಿದ ಮಣ್ಣು ಅಂತ ಹೇಳೀನಿ" ಎಂದ. ಕಪ್ಪು ಸುಟ್ಟು ತೆಗೆದ ಮೇಲಿನ ಭಾನುವಾರ ಬಂದು ಒಯ್ಯುವುದೆಂದು ಮಾತಾಯಿತು.

ಕಪ್ಪುಗಳು ಚೆಂದ ಬಂದವು, ನೀಲಿ ಮೆರುಗು, ಅಂಗೈ ತುಂಬುವ ಅಳತೆ. ಸಾಲಾಗಿ ಇಟ್ಟು ನಾನೇ ನಾಲ್ಕು ಸಲ ಹೋಗಿ ನೋಡಿದೆ. ಭಟ್ಟಿಯಿಂದ ಇಳಿಸಿದ ಮೂರನೆಯ ದಿನ ಜಿಟಿಜಿಟಿ ಮಳೆ ಹಿಡಿಯಿತು. ಶೆಡ್ಡಿನಲ್ಲಿ ಟಿಕ್ ಎಂದು ಸಪ್ಪಳ. ಹೋಗಿ ನೋಡಿದರೆ ಒಂದು ಕಪ್ಪಿನ ಮೈಯಿಂದ ಉಗುರಿನಷ್ಟು ಚಕ್ಕೆ ಸಿಡಿದಿತ್ತು, ಕೆಳಗೆ ಬಿಳಿ ಚುಕ್ಕೆ. ಶುಕ್ರವಾರದ ಹೊತ್ತಿಗೆ ಹನ್ನೆರಡೂ ಕಪ್ಪುಗಳಿಗೆ ಸಿಡುಬು ಎದ್ದಂತಾಗಿತ್ತು.

ಮೇಡಂಗೆ ಫೋನು ಮಾಡಿದೆ. ಮಣ್ಣಿನಲ್ಲಿ ಸುಣ್ಣದ ಕಲ್ಲಿನ ಚೂರು ಸೇರಿದೆ, ಅದು ಭಟ್ಟಿಯಲ್ಲಿ ಸುಟ್ಟು ಸುಣ್ಣವಾಗಿದೆ, ಈಗ ಗಾಳಿಯ ತೇವ ಕುಡಿದು ಹಿಗ್ಗಿ ಸಿಡಿಯುತ್ತಿದೆ ಎಂದರು. "ಯಾತರ ಮೇಲೆ ನಾದುತ್ತೀರಿ?" ಎಂದು ಕೇಳಿದರು. ನಾನು ತಿರುಗಿ ಕಲ್ಲಿನ ಕಡೆ ನೋಡಿದೆ. ಶಹಾಬಾದದ ಕಲ್ಲು ಎಂದರೆ ಸುಣ್ಣದ ಕಲ್ಲೇ ಅಲ್ಲವೇ! ನಮ್ಮೂರ ಮಕ್ಕಳಿಗೂ ಗೊತ್ತಿರುವ ಮಾತು ನನ್ನ ತಲೆಗೆ ಹೊಳೆದಿರಲಿಲ್ಲ.

ಕಪ್ಪು ಹೋದದ್ದಕ್ಕಿಂತ ಅಪ್ಪನಿಗೆ ಏನು ಹೇಳುವುದು ಎಂಬುದೇ ಸಂಕಟವಾಯಿತು. ಊರೆಲ್ಲ ಸಾರಿಕೊಂಡು ಬಂದವನಿಗೆ ನಿನ್ನ ಕಲ್ಲೇ ಕೆಡಿಸಿತು ಎನ್ನಲು ನಾಲಿಗೆ ಏಳಲಿಲ್ಲ. ಕರೆಂಟು ಹೋಗಿ ಭಟ್ಟಿ ಕೆಟ್ಟಿತೆಂದು ಫೋನಿನಲ್ಲಿ ಸುಳ್ಳು ಹೇಳಿದೆ. ಕಪ್ಪುಗಳನ್ನು ಬುಟ್ಟಿಗೆ ತುಂಬಿ ಬಾಗಿಲ ಹಿಂದೆ ಇಟ್ಟೆ. ಕಲ್ಲಿನ ಮೇಲೆ ಹಲಗೆ ಹಾಕಿ ಬಟ್ಟೆ ಬಿಗಿದೆ.

ಆದರೂ ಭಾನುವಾರ ಅಪ್ಪ ಬಂದೇಬಿಟ್ಟ, ವಾಡಿ ಸ್ಟೇಷನ್ನಿನ ಮಿರ್ಚಿ ಭಜಿ ಕಟ್ಟಿಸಿಕೊಂಡು. ಶೆಡ್ಡಿಗೆ ಕಾಲಿಟ್ಟವನೇ, "ಕಲ್ಲಿಗಿ ಥಂಡಿ ಆಗ್ಯಾದೇನವ್ವ? ಚಾದರ ಹೊಚ್ಚೀದಿ" ಎಂದ. ನಾನು ಚಹಾ ತರಲು ಓಡಿದೆ.

ತಿರುಗಿ ಬರುವಷ್ಟರಲ್ಲಿ ಬುಟ್ಟಿ ಅವನ ಮುಂದಿತ್ತು. ಬಿಳಿ ಚುಕ್ಕೆಯನ್ನು ಉಗುರಿನಿಂದ ಕೆರೆದು ನಾಲಿಗೆಯ ತುದಿಗೆ ಹಚ್ಚಿಕೊಂಡ.

"ಸುಣ್ಣ" ಎಂದ.

ಎದ್ದು ಹಲಗೆ ಸರಿಸಿ, ಕಲ್ಲಿನ ಮೇಲೆ ಅಂಗೈ ಆಡಿಸಿದ. ಒಂದು ಮೂಲೆಯಲ್ಲಿ ಕೈ ನಿಂತಿತು. ಅಲ್ಲಿ ಚೂರು ಎದ್ದು ತಗ್ಗುಗಳಾಗಿದ್ದವು.

"ಇಲ್ಲಿ ಏನ್ ಕುಟ್ಟೀದಿ?"

"ಒಣಗಿದ ಮಣ್ಣು, ಈ ಸಲನೇ. ಮತ್ತ ನೆನಿ ಹಾಕ್ಲಿಕ್ಕಿ."

"ಯಾತರಲೆ?"

"ಸುತ್ತಿಗಿಲೆ."

"ಪಾಲಿಶ್ ಮಾಡಿದ ಕಲ್ಲಿನ ಮ್ಯಾಲ ಸುತ್ತಿಗಿ!" ಅಪ್ಪ ಹಣೆ ಹಣೆ ಬಡಿದುಕೊಂಡ. ಆಮೇಲೆ ನಗತೊಡಗಿದ. ನನಗೂ ನಗು ಬಂತು. ಅಷ್ಟರಲ್ಲಿ ಅವನ ನಗು ನಿಂತಿತು.

"ಕರೆಂಟ್ ಹೋಗಿತ್ತಂತ ಯಾಕ ಹೇಳ್ದಿ?"

"ನಿನ್ನ ಕಲ್ಲಿಗಿ ಕೆಟ್ಟ ಹೆಸರು ತರ್ಲಿಕ್ಕಿ ಮನಸ್ಸಾಗ್ಲಿಲ್ಲಪ್ಪ."

"ನಾ ಉಜ್ಜಿದ ಕಲ್ಲು ಕಾರ್ಖಾನಿಗಿ ಎಷ್ಟು ಸಲ ವಾಪಸ್ ಬಂದಾವ ಗೊತ್ತದೇನು? ಗೆರಿ ಬಿದ್ದದ, ಮೂಲಿ ಮುರದದ ಅಂತ ಕಂಡೋರೆಲ್ಲ ಎದುರಿಗೇ ಅಂತಿದ್ರು. ತಗೊಂಡು ಮತ್ತ ಉಜ್ಜತಿದ್ದೆ. ಮಂದಿ ನನಗ ಅಂಜಲಿಲ್ಲ. ನನ್ನ ಮಗಳು ಅಂಜ್ಯಾಳಂದ್ರ ನಾ ಏನ್ ತಿಳ್ಕೋಬೇಕು?"

ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮಿರ್ಚಿ ಕೈಯಲ್ಲಿ ಹಿಡಿದುಕೊಂಡೇ ಅತ್ತೆ. ಅವನನ್ನು ಕಾಪಾಡುತ್ತಿದ್ದೇನೆ ಎಂದುಕೊಂಡು ಅವನನ್ನು ಪರಕೀಯನನ್ನಾಗಿ ಮಾಡಿದ್ದೆ.

ಅಪ್ಪ ಚಹಾ ಮುಗಿಸಿ ಬಾಯಿ ಒರೆಸಿಕೊಂಡ. "ಹನ್ನೆರಡು ಮತ್ತ ಮಾಡು, ಅವಸರಿಲ್ಲ. ಇನ್ನೇನರೆ ಮುಚ್ಚಿಟ್ಟಿದ್ರ ಈಗೇ ಹೇಳಿಬಿಡು."

ನಾನು ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿಯೇಬಿಟ್ಟೆ. "ಮಣ್ಣು ನೆನಿ ಹಾಕ್ಲಿಕ್ಕಿ ನೀ ಕಟ್ಟಿದ ತೊಟ್ಟಿ ಅದಲ್ಲ, ಅದು ಸೋರ್ತದಪ್ಪ. ಕಟ್ಟಿದ ದಿನದಿಂದ ಸೋರ್ತದ."

"ಸಾಧ್ಯನೇ ಇಲ್ಲ!" ಎಂದು ಅಪ್ಪ ಧೋತರ ಮೇಲಕ್ಕೆ ಕಟ್ಟಿಕೊಂಡು ಜಗಳಕ್ಕೆ ಹೊರಟವನಂತೆ ತೊಟ್ಟಿಯ ಕಡೆ ನಡೆದ. ಸೋರುವ ಜಾಗ ತೋರಿಸಲು ನಾನೂ ಅವನ ಹಿಂದೆಯೇ ಓಡಿದೆ.