ಅಬುಧಾಬಿಯಲ್ಲಿ ಬಿಚ್ಚಿದ ವಿಯೆನ್ನಾದ ಕೊಡೆ

ನಮ್ಮ ಮನೆಯ ಬಾಗಿಲ ಹಿಂದಿನ ಮೊಳೆಯಲ್ಲಿ ಒಂದು ಕೆಂಪು ಕೊಡೆ ತೂಗುತ್ತದೆ. ಅಬುಧಾಬಿಯಲ್ಲಿ ಕೊಡೆ ಇಟ್ಟುಕೊಳ್ಳುವುದೆಂದರೆ ಬೋಳುತಲೆಯವನು ಬಾಚಣಿಗೆ ಇಟ್ಟುಕೊಂಡಂತೆ. ಆದರೆ ಮಿತ್ರರೆ, ಇದನ್ನು ಕೊಂಡದ್ದು ಇಲ್ಲಿಗಲ್ಲ, ವಿಯೆನ್ನಾಕ್ಕೆ. ವರ್ಷವಿಡೀ ಬಿಸಿಲಲ್ಲಿ ಬೇಯುವವರು ರಜೆಗೂ ಬಿಸಿಲನ್ನೇ ಹುಡುಕಿಕೊಂಡು ಹೋಗುವುದು ಶುದ್ಧ ದಡ್ಡತನ ಎಂಬುದು ನನ್ನ ಹೆಂಡತಿ ಚಂದ್ರಿಕಾಳ ಸಿದ್ಧಾಂತ. ಅವಳಿಗೆ ಅರಮನೆಗಳು ಬೇಡ. ಜಿನುಗುವ ಮಳೆ, ಕಿರಿದಾದ ಗಲ್ಲಿ, ಬರೀ ಅಂಗಿಯ ಗುಂಡಿಗಳನ್ನೇ ಮಾರುವ ಅಂಗಡಿ, ಗಡಿಯಾರ ರಿಪೇರಿಯ ಗೂಡು, ಕೊನೆಗೆ ಕಿಟಕಿಯ ಗಾಜು ಮಬ್ಬಾದ ಒಂದು ಕಾಫಿಮನೆ, ಇಷ್ಟಿದ್ದರೆ ಸಾಕು. ಇದನ್ನೆಲ್ಲ ಚೀಟಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದಳು.

ವೀಸಾದ ಅಪಾಯಿಂಟ್‌ಮೆಂಟ್ ತೆಗೆಯುವ ಕೆಲಸ ನನ್ನದು. ನಾಳೆ ಎಂದವನ ಮನೆ ಹಾಳು ಎನ್ನುತ್ತಾರಲ್ಲ, ಹಾಗೆ ನಾಳೆ ನಾಳೆ ಎಂದು ತಳ್ಳಿ ತಳ್ಳಿ, ನಾನು ನೋಡುವ ಹೊತ್ತಿಗೆ ಮೂರು ತಿಂಗಳವರೆಗೆ ಒಂದು ದಿನವೂ ಖಾಲಿಯಿರಲಿಲ್ಲ. ಚಂದ್ರಿಕಾ ಜಗಳವಾಡಲಿಲ್ಲ. ಚೀಟಿಯನ್ನು ಮಡಿಸಿ ಪರ್ಸಿನಲ್ಲಿಟ್ಟುಕೊಂಡು ಮಾತು ಕಡಿಮೆ ಮಾಡಿದಳು. ಇಪ್ಪತ್ತೆರಡು ವರ್ಷಗಳ ಸಂಸಾರದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಇದೊಂದನ್ನೇ. ನನಗೆ ನಾಚಿಕೆಯಾಗಿತ್ತು, ಹೇಳಿಕೊಳ್ಳಲು ಮಾತ್ರ ಬಾಯಿ ಬರಲಿಲ್ಲ.

ನಾವು ವಿಮಾನ ಹತ್ತಬೇಕಾಗಿದ್ದ ದಿನವೇ ಇಲ್ಲಿ ಮಳೆ ಸುರಿಯಿತು. ಈ ಊರಿಗೆ ಮಳೆಯೆಂದರೆ ಮದುವೆಮನೆಯ ಸಂಭ್ರಮ: ಆಫೀಸಿನವರು ಮನೆಗೆ ಹೊರಟರು, ರಸ್ತೆ ಕೆರೆಯಾಯಿತು, ಬಾಲ್ಕನಿಗೊಬ್ಬರಂತೆ ಮೊಬೈಲ್ ಹಿಡಿದು ನಿಂತರು. ಚಂದ್ರಿಕಾ ಮೊಳೆಯಿಂದ ಕೊಡೆ ತೆಗೆದಳು.

“ರೀ, ಏಳಿ. ನಡ್ಕೊಂಡೇ ಹೋಗೋಣ.”

ನಾನು ಕಾರಿನ ಕೀಲಿಯನ್ನು ಕೆಳಗಿಟ್ಟೆ. ನಾವಿರುವ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಸಿಕ್ಕ ಪಾರ್ಕಿಂಗನ್ನು ಬಿಟ್ಟುಕೊಡಬಲ್ಲವನು ಸನ್ಯಾಸಿಯೊಬ್ಬನೇ.

ಒಂದು ಕೊಡೆ, ಎರಡು ದೇಹ. ನನ್ನ ಎಡಭುಜ ಪೂರ್ತಿ ತೋಯ್ದಿತ್ತು. ನಮ್ಮ ಕಟ್ಟಡದ ಬೆನ್ನಿಗೇ ಟೈಲರುಗಳಿಗೆ ಸಾಮಾನು ಮಾರುವ ಅಂಗಡಿಯೊಂದಿತ್ತು. ನೆಲದಿಂದ ಸೂರಿನವರೆಗೆ ಗೋಡೆ ತುಂಬ ಗುಂಡಿಗಳು. ಚಂದ್ರಿಕಾ ಪರ್ಸಿನಿಂದ ಚೀಟಿ ತೆಗೆದು ಆ ಸಾಲಿನ ಮೇಲೆ ಒಂದು ಗೆರೆ ಎಳೆದಳು. ಮುಂದಿನ ಗಲ್ಲಿಯ ಮೆಟ್ಟಿಲಡಿಯಲ್ಲಿ ಒಬ್ಬ ಪಠಾಣ ಮುದುಕ, ಹತ್ತು ಗಡಿಯಾರಗಳು, ಹತ್ತು ಬಗೆಯ ಗಂಟೆ. ಯಾವುದು ಸರಿ ಎಂದು ಕೇಳಿದ್ದಕ್ಕೆ ಆತ ಗಂಭೀರವಾಗಿ ತನ್ನ ಮೊಬೈಲನ್ನು ತೋರಿಸಿದ. ನಾವು ಮಕ್ಕಳಂತೆ ನಗುತ್ತ ನೀರು ಎರಚುತ್ತ ಓಡಿದೆವು. ಕೂಡಿ ನಕ್ಕು ಎಷ್ಟು ದಿನವಾಗಿತ್ತೋ.

ಉಳಿದದ್ದು ಕಾಫಿಮನೆ. ಮೂಲೆಯ ಕೆಫೆಟೇರಿಯಾದ ಕರಕ್ ಎಂಬ ಗಟ್ಟಿ ಹಾಲಿನ ಚಹಾವನ್ನು ನಾವು ಹನ್ನೊಂದು ವರ್ಷಗಳಿಂದ ಕುಡಿಯುತ್ತಿದ್ದೇವೆ, ಒಂದು ಸಲವೂ ಒಳಗೆ ಕಾಲಿಡದೆ. ಇಲ್ಲಿನ ರೂಢಿಯೇ ಹಾಗೆ: ಕಾರು ನಿಲ್ಲಿಸಿ ಹಾರ್ನ್ ಹಾಕಿ ಎರಡು ಬೆರಳೆತ್ತಿದರೆ ಚಹಾ ಕಿಟಕಿಗೇ ಬರುತ್ತದೆ. ಆ ದಿನ ಹಾರ್ನ್ ಇಲ್ಲದ್ದರಿಂದ ಒಳಗೆ ಹೋದೆವು. ಗಾಜು ಹಬೆಯಿಂದ ಮಬ್ಬಾಗಿತ್ತು. ನಮ್ಮ ಮಾತು ಕಿವಿಗೆ ಬಿದ್ದು ಪಾತ್ರೆಯ ಮುಂದಿದ್ದ ಯಜಮಾನರು ತಿರುಗಿದರು.

“ಬಿಳಿ ಗಾಡಿಯವರಲ್ವಾ? ಎರಡು ಕರಕ್, ಒಂದಕ್ಕೆ ಸಕ್ಕರೆ ಕಮ್ಮಿ. ನಿಮ್ಮ ಹಾರ್ನ್ ನನಗೆ ಗೊತ್ತುಂಟು. ಕನ್ನಡದವರು ಅಂತ ಗೊತ್ತಿರ್ಲಿಲ್ಲ ಮಾರಾಯ್ರೆ.”

ಅವರು ಪುತ್ತೂರಿನ ಇಬ್ರಾಹಿಂ. ಹನ್ನೊಂದು ವರ್ಷ ಗಾಜಿನ ಆಚೆ ಅವರು, ಈಚೆ ನಾವು. ಚಂದ್ರಿಕಾ ನಕ್ಕ ರಭಸಕ್ಕೆ ಚಹಾ ತುಳುಕಿತು. ಆ ನಗುವಿನ ಧೈರ್ಯದಲ್ಲಿ ನಾನು ಅಂದೆ: “ತಪ್ಪಾಯ್ತು ಕಣೇ, ಆ ವೀಸಾದ್ದು.”

ಅವಳು ಚೀಟಿಯ ಕೊನೆಯ ಸಾಲಿಗೂ ಗೆರೆ ಎಳೆದಳು. “ಇದು ಇವತ್ತಿನ ಮಳೆಗಾಯ್ತು. ವಿಯೆನ್ನಾನ ನಾನೇನೂ ಬಿಟ್ಟಿಲ್ಲ. ಫೋನ್ ತೆಗೀರಿ, ಇಲ್ಲೇ ಬುಕ್ ಮಾಡಿ.”

“ಅಕ್ಕ ಹೇಳಿದ್ದು ಸರಿ,” ಎಂದರು ಇಬ್ರಾಹಿಂ. “ಅದು ಆಗುವವರೆಗೆ ನಿಮಗೆ ಎರಡನೇ ಚಹಾ ಇಲ್ಲ.”

ನಾಲ್ಕು ತಿಂಗಳ ಆಚೆಗೆ ಒಂದು ದಿನ ಸಿಕ್ಕಿತು. ಎರಡನೇ ಚಹಾವೂ ಸಿಕ್ಕಿತು.

ಕೊಡೆ ಮತ್ತೆ ಮೊಳೆಗೆ ಹೋಯಿತು, ಆದರೆ ಈಗ ಅದಕ್ಕೆ ಬಿಡುವಿಲ್ಲ. ಶನಿವಾರ ಸಂಜೆ ಇನ್ನೂ ಬಿಸಿಲು ಚುರುಗುಟ್ಟುತ್ತಿರುವಾಗಲೇ ಚಂದ್ರಿಕಾ ಅದನ್ನು ಬಿಚ್ಚಿ ಕೆಫೆಟೇರಿಯಾದತ್ತ ಹೊರಡುತ್ತಾಳೆ. ಮೋಡದ ಸುಳಿವಿಲ್ಲದ ಆಕಾಶದಡಿ ಕೊಡೆ ಹಿಡಿದು ಹೋಗುವ ನಮ್ಮನ್ನು ಕಂಡು ಕಾರಿನವರು ಹಾರ್ನ್ ಹಾಕುತ್ತಾರೆ. ನಾನು ಇನ್ನಷ್ಟು ಒತ್ತಿಕೊಂಡು ಅವಳ ನೆರಳಿನೊಳಗೆ ಸೇರುತ್ತೇನೆ.