ಶಾಲು ಹೊದ್ದ ಅಧ್ಯಕ್ಷರು

ನಮ್ಮ ಜಿಲ್ಲಾ ಬೋರ್ಡಿನ ಅಧ್ಯಕ್ಷರು ಊಟಿಯಲ್ಲಿ ಕೋಟು ತೊಟ್ಟು ವಿಜ್ಞಾನವನ್ನು ಹೊಗಳುತ್ತಿದ್ದರು. ಹಟ್ಟಿಗಳಲ್ಲಿ ಬರಿಮೈಗೆ ಬಿಳಿ ಶಾಲು ಹೊದ್ದು ದೇವರನ್ನು ಹೊಗಳುತ್ತಿದ್ದರು. ಎರಡೂ ಕಡೆ ಭಾಷಣ ಮುಗಿಯುತ್ತಿದ್ದುದು "ನಾನು ನಿಮ್ಮವನೇ" ಎಂಬ ಮಾತಿನಿಂದ. ಎರಡನ್ನೂ ಕೇಳಿದವರು ಕಡಿಮೆ. ಆಗ ಹಟ್ಟಿಗಳಿಗೆ ಬಸ್ಸಿರಲಿಲ್ಲ.

ಸಿಡುಬು ಹಬ್ಬಿದ ವರ್ಷ, ಚುಚ್ಚುಮದ್ದು ಹಾಕುವವರ ಜೊತೆ ಮಕ್ಕಳ ಹೆಸರು ಬರೆದುಕೊಳ್ಳಲು ನಾನು ತುಮ್ಮನಟ್ಟಿ ಎಂಬ ಹಟ್ಟಿಗೆ ಹೋಗಿದ್ದೆ. ಅಧ್ಯಕ್ಷರು ನಮಗಿಂತ ಮೊದಲೇ ಬಂದು, "ಚುಚ್ಚಿಸಿದರೆ ಮಾರಿಯಮ್ಮ ಮುನಿಯುತ್ತಾಳೆ. ನಂಬಿಕೆ ಇದ್ದವರಿಗೆ ಸೂಜಿ ಯಾಕೆ?" ಎನ್ನುತ್ತಿದ್ದರು. ಚುನಾವಣೆ ಹತ್ತಿರವಿತ್ತು.

ಹಿರಿಯ ಮಗುವನ್ನು ಸಿಡುಬಿಗೆ ಕಳೆದುಕೊಂಡಿದ್ದ ತಾಯಿಯೊಬ್ಬಳು ಕಿರಿಯದನ್ನು ಎತ್ತಿಕೊಂಡು ಬಂದು, ಅಲ್ಲಿನ ರೂಢಿಯಂತೆ ಅವರೆದುರು ತಲೆ ಬಾಗಿದಳು. ತಲೆ ಮುಟ್ಟಿ ಹರಸಲು ಅವರು ಕೈಯೆತ್ತಿದಾಗ ಶಾಲು ಜಾರಿತು. ತೋಳಿನ ಮೇಲೆ ಚುಚ್ಚಿಸಿಕೊಂಡ ಮೂರು ದುಂಡು ಕಲೆಗಳು ಕಂಡವು.

"ಅಯ್ಯಾ, ನಿನ್ನ ಮೇಲೆ ಅಮ್ಮ ಮುನೀಲಿಲ್ವಾ?"

"ಅದು ಊಟಿಲಿ ಹಾಕ್ಸಿದ್ದು ತಾಯಿ. ಅಲ್ಲಿ ಹವೆ ಬೇರೆ."

ಅವಳು ನಮ್ಮ ಮೇಜಿನ ಬಳಿ ಬಂದು ಮಗುವಿನ ತೋಳನ್ನು ಮುಂದೆ ಹಿಡಿದಳು.

"ಅವರಿಗೆ ಹಾಕಿದ್ದನ್ನೇ ಹಾಕಿ," ಎಂದಳು.

ಸಂಜೆಯವರೆಗೆ ಬಂದ ತಾಯಂದಿರೆಲ್ಲ ಅದನ್ನೇ ಕೇಳಿದರು.