ನಿಂಬೆಹಣ್ಣಿನ ಗೋಲು

ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ವಿಶ್ವವಿದ್ಯಾಲಯದ ರೋಬೋ ಫುಟ್‌ಬಾಲ್ ತಂಡದಲ್ಲಿ ಇದ್ದದ್ದೇ ಎರಡು ಯಂತ್ರ. ನಾಲ್ಕು ಕಾಲಲ್ಲಿ ಹೇಗೋ ನಡೆಯುತ್ತಿದ್ದದ್ದು ಫಾರ್ವರ್ಡ್. ಏನು ಮಾಡಿದರೂ ನಡೆಯದಿದ್ದದ್ದನ್ನು ಗೋಲ್‌ಕೀಪರ್ ಮಾಡಿದ್ದೆವು. ತೀರ್ಥಹಳ್ಳಿಯ ವಿಜ್ಞಾನ ಪ್ರದರ್ಶನದಲ್ಲಿ ಇವು ಆಡದಿದ್ದರೆ ಪ್ರಯೋಗಾಲಯಕ್ಕೆ ಬೀಗ ಹಾಕಿಸುತ್ತೇನೆ ಎಂದಿದ್ದ ನಮ್ಮ ವಿಭಾಗದ ಮುಖ್ಯಸ್ಥರು ಮುಂದಿನ ಸಾಲಿನಲ್ಲೇ ಕೂತಿದ್ದರು.

ಇನ್ನೇನು ಸ್ವಿಚ್ ಒತ್ತಬೇಕು, ಉದ್ಘಾಟನೆಯ ಪೂಜೆಗೆ ಬಂದಿದ್ದ ಭಟ್ಟರು ತಡೆದರು.

"ನಿಂಬೆಹಣ್ಣು ಇಡದೆ ಹೊಸ ಗಾಡಿ ಹೊರಡಿಸ್ತಾರಾ?"

"ಇದಕ್ಕೆ ಚಕ್ರ ಇಲ್ಲ ಭಟ್ರೆ, ಕಾಲು" ಎಂದೆ.

"ಅದಕ್ಕೆಂತ? ಕಾಲಿಗೇ ಇಡ್ತೀನಿ" ಎಂದು ಫಾರ್ವರ್ಡಿನ ಒಂದೊಂದು ಕಾಲಿನ ಮುಂದೆ ಒಂದೊಂದು ಹಣ್ಣಿಟ್ಟು ಕುಂಕುಮ ಹಚ್ಚಿದರು.

ಸ್ವಿಚ್ ಒತ್ತಿದೆ. ಫಾರ್ವರ್ಡ್ ಬಲಗಾಲೆತ್ತಿ ಒದ್ದ ರಭಸಕ್ಕೆ ನಿಂಬೆಹಣ್ಣು ಗೋಲ್‌ಕೀಪರಿನ ಕಾಲುಗಳ ನಡುವೆ ಹಾದು ಗೋಲು ಸೇರಿತು. ಜನ ಚಪ್ಪಾಳೆ ತಟ್ಟಿದರು. ಆಮೇಲೆ ನಿಜವಾದ ಚೆಂಡಿಟ್ಟರೆ, ಅದರ ಮೇಲೆ ಕಾಲಿಟ್ಟುಕೊಂಡು ಫೋಟೋ ತೆಗೆಸಿಕೊಳ್ಳುವ ಕ್ಯಾಪ್ಟನ್ ಹಾಗೆ ನಿಂತುಬಿಟ್ಟಿತು.

"ಹಣ್ಣು ಒದ್ದದ್ದು ಲೆಕ್ಕಕ್ಕಿಲ್ಲ" ಎಂದರು ಮುಖ್ಯಸ್ಥರು.

"ಚೆಂಡಿಗೂ ಪೂಜೆ ಮಾಡಿಸಿದ್ರೆ ಅದೂ ಹೋಗ್ತಿತ್ತು" ಎಂದರು ಭಟ್ಟರು.

ಮುಖ್ಯಸ್ಥರು ಕೈ ಚಾಚಿ ಪ್ರಸಾದ ತೆಗೆದುಕೊಂಡರು. ಪ್ರಯೋಗಾಲಯಕ್ಕೆ ಬೀಗ ಬೀಳಲಿಲ್ಲ. ವಾಪಸ್ ಬಂದವರು ಕಾಲು ತಿದ್ದುವ ಗೋಜಿಗೆ ಹೋಗದೆ ಚೆಂಡನ್ನೇ ನಿಂಬೆಹಣ್ಣಿನಷ್ಟು ಮಾಡಿಕೊಂಡೆವು. ಚೆಂಡು ದೊಡ್ಡದಿರಲಿ ಚಿಕ್ಕದಿರಲಿ, ಗೋಲ್‌ಕೀಪರಿಗೆ ಎರಡೂ ಒಂದೇ.